ವಿದ್ಯುದೃಣತ್ವ: ಬಂಧದಲ್ಲಿ ಎಲೆಕ್ಟ್ರಾನ್ ಯಾರ ಕಡೆಗೆ ವಾಲುತ್ತದೆ?

'ಎಲೆಕ್ಟ್ರಾನ್ ಮೇಲೆ ಹೆಚ್ಚು ಆಸೆ ಫ್ಲೋರಿನ್‌ಗೋ, ಕ್ಲೋರಿನ್‌ಗೋ?' 'ಹೈಡ್ರೋಜನ್ ಫ್ಲೋರೈಡ್ ಅಯಾನಿಕವೋ, ಸಹವೇಲೆನ್ಸೀಯವೋ?' 'ಪಟ್ಟಿಯಲ್ಲಿರುವ ಅಷ್ಟೂ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಕೇ?' ಪಿಯುಸಿ ವಿದ್ಯಾರ್ಥಿಗಳಿಂದಲೂ ಅವರಿಗೆ ಮನೆಯಲ್ಲಿ ಪಾಠ ಹೇಳಿಕೊಡುವ ಹಿರಿಯರಿಂದಲೂ ಈ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಮೂರರ ಬೇರೂ ಒಂದೇ ಕಡೆ ಇದೆ. ರಾಶಿ, ಪ್ರೋಟಾನ್ ಸಂಖ್ಯೆಗಳ ಹಾಗೆ ವಿದ್ಯುದೃಣತ್ವವೂ ಒಂಟಿ ಪರಮಾಣುವಿನ ಸ್ವಂತ ಆಸ್ತಿ ಎಂದು ನಾವು ತಿಳಿದುಬಿಡುತ್ತೇವೆ. ಅದು ಅರ್ಥ ಪಡೆಯುವುದು ಇನ್ನೊಂದು ಪರಮಾಣು ಪಕ್ಕದಲ್ಲಿದ್ದಾಗ ಮಾತ್ರ. ಈ ಒಂದು ಮಾತನ್ನು ಬಿಗಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಬೇಕಾಗುವ ಸಾಮಗ್ರಿ: ಆವರ್ತ ಕೋಷ್ಟಕ, ಒಂದು ಹಾಳೆ, ಪೆನ್ಸಿಲ್, ವರ್ಗಮೂಲ ತೆಗೆಯಬಲ್ಲ ಕ್ಯಾಲ್ಕುಲೇಟರ್. ಮೊಬೈಲಿನಲ್ಲಿರುವುದೇ ಸಾಕು. ಓದುತ್ತಾ ಹೋಗಬೇಡಿ, ಬರೆಯುತ್ತಾ ಹೋಗಿ.

ಹಂತ 1: ಪದವನ್ನು ಬಿಡಿಸಿ ನೋಡಿ

ವಿದ್ಯುತ್ ಮತ್ತು ಋಣತ್ವ ಸೇರಿ ವಿದ್ಯುದೃಣತ್ವ. ಕನ್ನಡ ತರಗತಿಯಲ್ಲಿ ಓದಿದ ಜಶ್ತ್ವ ಸಂಧಿಯೇ ಇದು. ತೊಡಕು ಇರುವುದು ಸಂಧಿಯಲ್ಲಲ್ಲ, 'ಋಣ' ಎಂಬ ಪದದಲ್ಲಿ. ಆ ಪದ ಕೇಳಿದೊಡನೆ ಮೈನಸ್ ಚಿಹ್ನೆ ಕಣ್ಣ ಮುಂದೆ ಬರುತ್ತದೆ. ಫ್ಲೋರಿನ್ ಪರಮಾಣು ಹುಟ್ಟಿನಿಂದಲೇ ಋಣ ಆವೇಶ ಹೊತ್ತುಕೊಂಡಿದೆ ಎಂದು ಅನೇಕರು ನಂಬಲು ಇದೇ ಕಾರಣ. ಒಂಟಿ ಫ್ಲೋರಿನ್ ಪರಮಾಣುವಿನಲ್ಲಿ 9 ಪ್ರೋಟಾನ್, 9 ಎಲೆಕ್ಟ್ರಾನ್. ಲೆಕ್ಕ ಚುಕ್ತಾ, ಆವೇಶ ಸೊನ್ನೆ.

ವ್ಯಾಖ್ಯೆಯನ್ನು ಹಾಳೆಯ ಮೇಲ್ತುದಿಯಲ್ಲಿ ಬರೆದುಕೊಳ್ಳಿ: ಎರಡು ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡು ಬಂಧ ಕಟ್ಟಿಕೊಂಡಾಗ, ಆ ಜೋಡಿಯನ್ನು ತನ್ನತ್ತ ಎಳೆದುಕೊಳ್ಳುವ ಪರಮಾಣುವಿನ ಸಾಮರ್ಥ್ಯವೇ ವಿದ್ಯುದೃಣತ್ವ.

ಚಳಿಗಾಲದ ರಾತ್ರಿ ಒಂದೇ ಕಂಬಳಿ ಹೊದ್ದು ಮಲಗಿದ ಅಣ್ಣತಮ್ಮಂದಿರನ್ನು ನೆನೆಸಿಕೊಳ್ಳಿ. ಇಬ್ಬರ ಬಲವೂ ಸಮನಾಗಿದ್ದರೆ ಕಂಬಳಿ ನಡುವೆಯೇ ಇರುತ್ತದೆ. ಎರಡು ಕ್ಲೋರಿನ್ ಪರಮಾಣುಗಳ ಅಣು ಹೀಗೆ. ಅಣ್ಣ ಸ್ವಲ್ಪ ಹೆಚ್ಚು ಎಳೆದರೆ ತಮ್ಮನ ಕಾಲು ಹೊರಗೆ ಬೀಳುತ್ತದೆ. ಹಂಚಿಕೆ ಇದೆ, ಆದರೆ ಸಮಪಾಲಿಲ್ಲ. ಇಂಥದ್ದನ್ನು ಧ್ರುವೀಯ ಸಹವೇಲೆನ್ಸೀಯ ಬಂಧ ಎನ್ನುತ್ತೇವೆ. ಅಣ್ಣ ಕಂಬಳಿಯನ್ನೇ ಎಳೆದುಕೊಂಡು ಮಗ್ಗುಲಾದರೆ ಅದು ಅಯಾನಿಕ ಬಂಧ. ಒಬ್ಬನೇ ಮಲಗಿರುವವನಿಗೆ ಎಳೆದಾಟದ ಪ್ರಶ್ನೆಯೇ ಇಲ್ಲ.

ಹಂತ 2: ಎಲೆಕ್ಟ್ರಾನ್ ಅಫಿನಿಟಿಯಿಂದ ಬೇರ್ಪಡಿಸಿ

ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಕಳೆಯುವ ಗೊಂದಲ ಇದು. ಅನಿಲ ರೂಪದ ಒಂಟಿ ಪರಮಾಣುವಿಗೆ ಹೊರಗಿನಿಂದ ಒಂದು ಎಲೆಕ್ಟ್ರಾನ್ ಸೇರಿಸಿದಾಗ ಬಿಡುಗಡೆಯಾಗುವ ಶಕ್ತಿಯೇ ಎಲೆಕ್ಟ್ರಾನ್ ಅಫಿನಿಟಿ. ಅದನ್ನು ನೇರವಾಗಿ ಅಳೆಯಬಹುದು, ಅದಕ್ಕೆ ಮಾನವಿದೆ. ವಿದ್ಯುದೃಣತ್ವಕ್ಕೆ ಪೌಲಿಂಗ್ ಮಾಪಕದಲ್ಲಿ, ಅಂದರೆ ಮುಂದಿನ ಹಂತದಲ್ಲಿ ನಾವೇ ಲೆಕ್ಕ ಹಾಕಲಿರುವ ಅಳತೆಪಟ್ಟಿಯಲ್ಲಿ, ಮಾನವಿಲ್ಲ. ಅದು ಬರೀ ಹೋಲಿಕೆಯ ಸಂಖ್ಯೆ.

ಕ್ಲೋರಿನ್‌ನ ಎಲೆಕ್ಟ್ರಾನ್ ಅಫಿನಿಟಿ ಪ್ರತಿ ಮೋಲ್‌ಗೆ ಸುಮಾರು 349 ಕಿಲೋಜೂಲ್. ಫ್ಲೋರಿನ್‌ನದು ಸುಮಾರು 328. ಇಲ್ಲಿ ಕ್ಲೋರಿನ್ ಮುಂದೆ. ಫ್ಲೋರಿನ್ ತೀರಾ ಚಿಕ್ಕ ಪರಮಾಣು, ಅದರ ಹೊರ ಕವಚದಲ್ಲಿ ಆಗಲೇ 7 ಎಲೆಕ್ಟ್ರಾನ್‌ಗಳು ಒತ್ತೊತ್ತಾಗಿ ಕೂತಿವೆ. ಹೊಸದಾಗಿ ಬರುವ ಎಲೆಕ್ಟ್ರಾನ್ ಆ ನೂಕುನುಗ್ಗಲಿನ ವಿಕರ್ಷಣೆಯನ್ನು ಎದುರಿಸಬೇಕು. ಆದರೆ ಬಂಧದೊಳಗಿನ ಎಳೆತದಲ್ಲಿ ಫ್ಲೋರಿನ್ 3.98, ಕ್ಲೋರಿನ್ 3.16. ಎರಡು ಪ್ರಶ್ನೆಗಳು ಬೇರೆ, ಆದ್ದರಿಂದ ಉತ್ತರಗಳೂ ಬೇರೆ. ಪ್ರಶ್ನೆ ಪತ್ರಿಕೆಯಲ್ಲಿ 'ಒಂಟಿ ಪರಮಾಣು' ಎಂದಿದೆಯೋ 'ಬಂಧದಲ್ಲಿ' ಎಂದಿದೆಯೋ ನೋಡಿಯೇ ಉತ್ತರಿಸಿ.

ಹಂತ 3: ಒಂದು ಸಂಖ್ಯೆಯನ್ನು ನಿಮ್ಮ ಕೈಯಾರೆ ಕಟ್ಟಿ

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಪಟ್ಟಿಯ ಸಂಖ್ಯೆಗಳು ಆಕಾಶದಿಂದ ಉದುರಿದವಲ್ಲ ಎಂದು ಒಮ್ಮೆ ಮನದಟ್ಟಾದರೆ ಅವುಗಳ ಮೇಲಿನ ಭಯ ಹೋಗುತ್ತದೆ.

ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪೌಲಿಂಗ್ 1932ರಲ್ಲಿ ಹೂಡಿದ ಯುಕ್ತಿ ಹೀಗಿತ್ತು. ಒಂದು ಬಂಧವನ್ನು ಮುರಿಯಲು ಬೇಕಾಗುವ ಶಕ್ತಿಯನ್ನು ಬಂಧ ಶಕ್ತಿ ಎನ್ನುತ್ತಾರೆ. ಎಳೆತ ಸಮನಾಗಿರುವ ಎರಡು ಪರಮಾಣುಗಳಾದರೆ, ಅವುಗಳ ನಡುವಿನ ಬಂಧ ಶಕ್ತಿ ಅವೆರಡರ ಸ್ವಂತ ಬಂಧಗಳ ಸರಾಸರಿಯಷ್ಟೇ ಇರಬೇಕು. ಸರಾಸರಿಗಿಂತ ಹೆಚ್ಚು ಬಂದರೆ, ಆ ಹೆಚ್ಚುವರಿ ಬಂದದ್ದು ಎಳೆತದ ಅಸಮಾನತೆಯಿಂದ. ಒಂದು ತುದಿ ಸ್ವಲ್ಪ ಧನ, ಇನ್ನೊಂದು ತುದಿ ಸ್ವಲ್ಪ ಋಣ ಆಗಿ ಅವು ಪರಸ್ಪರ ಇನ್ನಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತವೆ.

ಹೈಡ್ರೋಜನ್ ಕ್ಲೋರೈಡ್ ತೆಗೆದುಕೊಂಡು ಬರೆಯಿರಿ:

1. ಹೈಡ್ರೋಜನ್–ಹೈಡ್ರೋಜನ್ ಬಂಧ ಶಕ್ತಿ 436 ಕಿಲೋಜೂಲ್, ಕ್ಲೋರಿನ್–ಕ್ಲೋರಿನ್ 242. ಸರಾಸರಿ 339.
2. ಹೈಡ್ರೋಜನ್–ಕ್ಲೋರಿನ್ ಬಂಧದ ನಿಜವಾದ ಶಕ್ತಿ 431. ಹೆಚ್ಚುವರಿ 92.
3. ಆ 92ನ್ನು 96.5ರಿಂದ ಭಾಗಿಸಿ. ಕಿಲೋಜೂಲ್‌ಗಳನ್ನು ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನಕ್ಕೆ ತರುವ ಭಾಜಕ ಅದು. ಉತ್ತರ ಸುಮಾರು 0.95.
4. ವರ್ಗಮೂಲ ತೆಗೆಯಿರಿ: 0.98.

ಈಗ ಪಟ್ಟಿ ತೆರೆದು ಕ್ಲೋರಿನ್‌ನ 3.16ರಿಂದ ಹೈಡ್ರೋಜನ್‌ನ 2.20 ಕಳೆಯಿರಿ. 0.96. ನಿಮ್ಮ ಅಡುಗೆಮನೆಯ ಮೇಜಿನ ಮೇಲೆ, ಮೊಬೈಲ್ ಕ್ಯಾಲ್ಕುಲೇಟರ್ ಹಿಡಿದು, ನೀವು ಪೌಲಿಂಗ್ ಮಾಪಕದ ಹತ್ತಿರಕ್ಕೆ ತಲುಪಿದ್ದೀರಿ.

ಒಂದು ಸಂಗತಿ ಗಮನಿಸಿದಿರಾ? ಲೆಕ್ಕದಿಂದ ಕ್ಲೋರಿನ್‌ನ ಬೆಲೆಯೂ ಬರಲಿಲ್ಲ, ಹೈಡ್ರೋಜನ್‌ನ ಬೆಲೆಯೂ ಬರಲಿಲ್ಲ. ಬಂದದ್ದು ಎರಡರ ವ್ಯತ್ಯಾಸ. ಬೆಟ್ಟದ ಎತ್ತರ ಹೇಳಲು ಸಮುದ್ರ ಮಟ್ಟವನ್ನು ಸೊನ್ನೆ ಎಂದು ಒಪ್ಪಿಕೊಂಡ ಹಾಗೆ, ಇಲ್ಲಿ ಹೈಡ್ರೋಜನ್‌ಗೆ 2.20 ಎಂದು ಒಪ್ಪಿಕೊಂಡು ಉಳಿದವನ್ನು ಅದರಿಂದ ಎಣಿಸುತ್ತಾರೆ. ವಿದ್ಯುದೃಣತ್ವ ಇಬ್ಬರ ನಡುವಿನ ಸಂಗತಿ ಎಂದು ಆರಂಭದಲ್ಲಿ ಹೇಳಿದ್ದಕ್ಕೆ ಆಧಾರ ಈ ಲೆಕ್ಕದಲ್ಲೇ ಇದೆ.

ಎಚ್ಚರಿಕೆ: ಒಂದು ಪುಸ್ತಕದಲ್ಲಿ ಹೈಡ್ರೋಜನ್ 2.1, ಕ್ಲೋರಿನ್ 3.0 ಎಂದಿರುತ್ತದೆ, ಇನ್ನೊಂದರಲ್ಲಿ 2.20, 3.16. ಎರಡೂ ಮುದ್ರಣದೋಷಗಳಲ್ಲ. ಮೊದಲನೆಯವು ಪೌಲಿಂಗ್‌ರ ಹಳೆಯ ದುಂಡಗಿನ ಸಂಖ್ಯೆಗಳು. ಎರಡನೆಯವು 1961ರಲ್ಲಿ ಆಲ್ರೆಡ್ ಎಂಬ ವಿಜ್ಞಾನಿ ಹೊಸ ಮಾಹಿತಿಯಿಂದ ಪರಿಷ್ಕರಿಸಿದವು. ಇವಲ್ಲದೆ ಬೇರೆಯೇ ತತ್ತ್ವದ ಮೇಲೆ ನಿಂತ ಮಾಪಕಗಳೂ ಇವೆ. ಮುಲಿಕನ್ 1934ರಲ್ಲಿ ಅಯಾನೀಕರಣ ಶಕ್ತಿ ಮತ್ತು ಎಲೆಕ್ಟ್ರಾನ್ ಅಫಿನಿಟಿಗಳ ಸರಾಸರಿ ಹಿಡಿದರು. ಆಲ್ರೆಡ್ ಮತ್ತು ರೋಕೋ 1958ರಲ್ಲಿ ನ್ಯೂಕ್ಲಿಯಸ್ಸಿನ ಸೆಳೆತವನ್ನು ಲೆಕ್ಕ ಹಾಕಿದರು. ಒಂದು ಸಂಖ್ಯೆಯನ್ನು ಒಂದು ಪಟ್ಟಿಯಿಂದ, ಇನ್ನೊಂದನ್ನು ಮತ್ತೊಂದು ಪಟ್ಟಿಯಿಂದ ತೆಗೆದು ಕಳೆಯಬೇಡಿ. ಪರೀಕ್ಷೆಗೆ ನಿಮ್ಮ ಪಠ್ಯಪುಸ್ತಕದ ಪಟ್ಟಿಯನ್ನೇ ಬಳಸಿ.

ಹಂತ 4: ಕೋಷ್ಟಕದ ಮೇಲೆ ಬೆರಳಾಡಿಸಿ

ಎರಡನೆಯ ಆವರ್ತದ, ಅಂದರೆ ಎರಡನೆಯ ಅಡ್ಡಸಾಲಿನ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಹೋಗಿ. ಲಿಥಿಯಂ 1.0, ಬೆರಿಲಿಯಂ 1.5, ಬೋರಾನ್ 2.0, ಕಾರ್ಬನ್ 2.5, ನೈಟ್ರೋಜನ್ 3.0, ಆಕ್ಸಿಜನ್ 3.5, ಫ್ಲೋರಿನ್ 4.0. ದುಂಡಗೆ ಹಿಡಿದರೆ ಅರ್ಧ ಅರ್ಧ ಏರುವ ಮೆಟ್ಟಿಲು. ಬಾಯಿಪಾಠದ ಪ್ರಶ್ನೆಗೆ ನನ್ನ ಉತ್ತರ ಇದು: ಈ ಮೆಟ್ಟಿಲು, ಜೊತೆಗೆ ಹೈಡ್ರೋಜನ್, ಕ್ಲೋರಿನ್, ಸೋಡಿಯಂ. ಇಷ್ಟು ಸಾಕು. ಜೊತೆಗೆ ಅಲೋಹಗಳ ಇಳಿಕೆಯ ಕ್ರಮ ನೆನಪಿರಲಿ: ಫ್ಲೋರಿನ್, ಆಕ್ಸಿಜನ್, ಕ್ಲೋರಿನ್, ನೈಟ್ರೋಜನ್, ಬ್ರೋಮಿನ್, ಅಯೋಡಿನ್, ಗಂಧಕ, ಕಾರ್ಬನ್, ಹೈಡ್ರೋಜನ್.

ಬಲಕ್ಕೆ ಹೋದಂತೆ ಏಕೆ ಏರುತ್ತದೆ? ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನ್‌ಗಳು ಒಂದೊಂದಾಗಿ ಹೆಚ್ಚುತ್ತವೆ, ಆದರೆ ಹೊರಗಿನ ಎಲೆಕ್ಟ್ರಾನ್‌ಗಳೆಲ್ಲ ಅದೇ ಕವಚದಲ್ಲಿ ಇರುತ್ತವೆ. ಸೆಳೆತ ಬಲವಾಗುತ್ತದೆ, ಪರಮಾಣು ಕುಗ್ಗುತ್ತದೆ. ಒಂದೇ ಗುಂಪಿನಲ್ಲಿ ಕೆಳಕ್ಕೆ ಇಳಿದರೆ ಪ್ರತಿ ಬಾರಿ ಒಂದು ಕವಚ ಸೇರುತ್ತದೆ. ಹಂಚಿಕೆಯ ಜೋಡಿ ನ್ಯೂಕ್ಲಿಯಸ್ಸಿನಿಂದ ದೂರವಾಗುತ್ತದೆ, ಒಳಗಿನ ಎಲೆಕ್ಟ್ರಾನ್‌ಗಳು ತೆರೆಯಂತೆ ಅಡ್ಡ ನಿಲ್ಲುತ್ತವೆ. ಫ್ಲೋರಿನ್ 3.98, ಕ್ಲೋರಿನ್ 3.16, ಬ್ರೋಮಿನ್ 2.96, ಅಯೋಡಿನ್ 2.66 ಎಂದು ಇಳಿಯುವುದು ಇದರಿಂದಲೇ.

ಈ ನಿಯಮವನ್ನು ಕಣ್ಣುಮುಚ್ಚಿ ಹಾಕಿದರೆ ಜಾರುವ ಜಾಗಗಳಿವೆ. ಅಲ್ಯುಮಿನಿಯಂ 1.61, ಅದರ ಕೆಳಗಿನ ಗ್ಯಾಲಿಯಂ 1.81. ಇಳಿಯಬೇಕಾದಲ್ಲಿ ಏರಿದೆ, ಏಕೆಂದರೆ ನಡುವೆ ಬಂದು ಸೇರಿದ, 3ಡಿ (3d) ಎಂಬ ಒಳ ಉಪಕವಚದ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸನ್ನು ಚೆನ್ನಾಗಿ ಮರೆಮಾಡುವುದಿಲ್ಲ. ಇನ್ನು ಹೀಲಿಯಂ, ನಿಯಾನ್, ಆರ್ಗಾನ್‌ಗಳಿಗೆ ಪೌಲಿಂಗ್ ಪಟ್ಟಿಯಲ್ಲಿ ಬೆಲೆಯೇ ಇಲ್ಲ. ಬಂಧ ಶಕ್ತಿಯಿಂದ ಕಟ್ಟಿದ ಸಂಖ್ಯೆಗೆ ಬಂಧವೇ ಇಲ್ಲದಿದ್ದರೆ ಏನು ಮಾಡುವುದು? ಬಂಧ ಕಟ್ಟುವ ಕ್ರಿಪ್ಟಾನ್ ಮತ್ತು ಕ್ಸೆನಾನ್‌ಗಳಿಗೆ ಬೆಲೆ ಇದೆ.

ಹಂತ 5: ವ್ಯತ್ಯಾಸ ತೆಗೆಯಿರಿ, ಆದರೆ 1.7 ಅನ್ನು ಬೇಲಿ ಮಾಡಿಕೊಳ್ಳಬೇಡಿ

ಎರಡು ಬೆಲೆಗಳ ವ್ಯತ್ಯಾಸ ಸುಮಾರು 0.4ಕ್ಕಿಂತ ಕಡಿಮೆ ಇದ್ದರೆ ಬಂಧ ಹೆಚ್ಚುಕಡಿಮೆ ಅಧ್ರುವೀಯ, ಅದರಿಂದ 1.7ರವರೆಗೆ ಧ್ರುವೀಯ, ಅದರಾಚೆ ಅಯಾನಿಕ. ಎಲ್ಲ ಗೈಡುಗಳಲ್ಲೂ ಇರುವ ಸೂತ್ರ ಇದು. ಕಾರ್ಬನ್–ಹೈಡ್ರೋಜನ್ ವ್ಯತ್ಯಾಸ 0.35. ಅಡುಗೆ ಎಣ್ಣೆಯ ಅಣುವಿನ ಉದ್ದಕ್ಕೂ ಹೆಚ್ಚಾಗಿ ಇರುವುದು ಇಂಥ ಬಂಧಗಳೇ. ಅದಕ್ಕೇ ಎಣ್ಣೆ ನೀರಿನೊಂದಿಗೆ ಬೆರೆಯುವುದಿಲ್ಲ. ಸೋಡಿಯಂ–ಕ್ಲೋರಿನ್ ವ್ಯತ್ಯಾಸ 2.23. ಅದು ಉಪ್ಪು, ಅಯಾನಿಕ. ಇಲ್ಲಿಯವರೆಗೆ ಸರಿ.

ಈಗ ಈ ಜೋಡಿಯನ್ನು ನೋಡಿ. ಸೋಡಿಯಂ ಅಯೋಡೈಡ್‌ನಲ್ಲಿ ವ್ಯತ್ಯಾಸ 1.73. ಅದು 661 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಗಟ್ಟಿ ಹರಳು. ಬೋರಾನ್ ಟ್ರೈಫ್ಲೋರೈಡ್‌ನಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು, 1.94. ಸೂತ್ರದ ಪ್ರಕಾರ ಅದು ಇನ್ನಷ್ಟು ಗಟ್ಟಿ ಹರಳಾಗಬೇಕಿತ್ತು. ನಿಜದಲ್ಲಿ ಅದು ಮೈನಸ್ 100 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವ ಅನಿಲ, ಬಿಡಿಬಿಡಿ ಅಣುಗಳ ವಸ್ತು. ಹೈಡ್ರೋಜನ್ ಫ್ಲೋರೈಡ್‌ನಲ್ಲೂ 1.78, ಅದೂ ಅಣುಗಳ ವಸ್ತುವೇ. ಮೇಲಿನ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಬಲವಾಗಿ ಧ್ರುವೀಯವಾದ ಸಹವೇಲೆನ್ಸೀಯ ಬಂಧ. ಇತ್ತ ಸೋಡಿಯಂ ಹೈಡ್ರೈಡ್‌ನಲ್ಲಿ ವ್ಯತ್ಯಾಸ ಬರೀ 1.27, ಆದರೂ ಅದು ಅಯಾನಿಕ ಘನವಸ್ತು.

ಹಾಗಾದರೆ 1.7 ಎಲ್ಲಿಂದ ಬಂತು? ಪೌಲಿಂಗ್‌ರ ಅಂದಾಜು ಸೂತ್ರದಲ್ಲಿ ಆ ವ್ಯತ್ಯಾಸಕ್ಕೆ ಬಂಧದ ಅಯಾನಿಕ ಸ್ವಭಾವ ಸುಮಾರು ಶೇ. 50 ಬರುತ್ತದೆ. ಅರ್ಧಕ್ಕೆ ಗೆರೆ ಎಳೆದಿದ್ದಾರೆ, ಅಷ್ಟೇ. ಅಯಾನಿಕ, ಸಹವೇಲೆನ್ಸೀಯ ಎಂಬುವು ಎರಡು ಪೆಟ್ಟಿಗೆಗಳಲ್ಲ, ಬೆಳಗಿನಿಂದ ರಾತ್ರಿಯವರೆಗೆ ಸರಿಯುವ ಬೆಳಕಿನಂತೆ ಒಂದರೊಳಗೊಂದು ಸೇರಿಕೊಂಡಿವೆ.

ಇದನ್ನು ಅಳತೆಯಲ್ಲೂ ಕಾಣಬಹುದು. ಹೈಡ್ರೋಜನ್ ಕ್ಲೋರೈಡ್‌ನಲ್ಲಿ ಎಲೆಕ್ಟ್ರಾನ್ ಪೂರ್ತಿಯಾಗಿ ಕ್ಲೋರಿನ್‌ಗೆ ಹೋಗಿಬಿಟ್ಟಿದ್ದರೆ ಅದರ ದ್ವಿಧ್ರುವ ಮಹತ್ವ 6.1 ಡಿಬೈ ಇರಬೇಕಿತ್ತು. ದ್ವಿಧ್ರುವ ಮಹತ್ವವೆಂದರೆ ಧನ ಮತ್ತು ಋಣ ತುದಿಗಳ ಆವೇಶ ಎಷ್ಟು, ಅವು ಎಷ್ಟು ದೂರದಲ್ಲಿವೆ ಎಂಬುದರ ಗುಣಲಬ್ಧ. ಡಿಬೈ ಅದರ ಮಾನ. ಪ್ರಯೋಗದಲ್ಲಿ ಸಿಕ್ಕಿದ್ದು ಸುಮಾರು 1.08. ಭಾಗಿಸಿ ನೋಡಿ, ಶೇ. 18ರ ಹತ್ತಿರ. ಕಂಬಳಿ ಇಷ್ಟು ಸರಿದಿದೆ ಎಂದು ಬೆರಳಿಟ್ಟು ತೋರಿಸಬಹುದಾದಷ್ಟು ಸ್ಪಷ್ಟ.

ಇನ್ನೊಂದು ಎಡವು: ವ್ಯತ್ಯಾಸ ಕಡಿಮೆ ಎಂದರೆ ಸಹವೇಲೆನ್ಸೀಯ ಎಂದೇ ಬರೆಯುವುದು. ದೇವರ ಮನೆಯ ಹಿತ್ತಾಳೆ ಚೊಂಬಿನಲ್ಲಿರುವ ತಾಮ್ರ 1.90, ಸತು 1.65. ವ್ಯತ್ಯಾಸ 0.25 ಮಾತ್ರ. ಆದರೆ ಎರಡಕ್ಕೂ ಎಳೆತ ಕಡಿಮೆ. ಎಲೆಕ್ಟ್ರಾನ್‌ಗಳನ್ನು ಇಬ್ಬರೂ ಬಿಗಿಯಾಗಿ ಹಿಡಿಯುವುದಿಲ್ಲ, ಅವು ಇಡೀ ಲೋಹದಲ್ಲಿ ಓಡಾಡಿಕೊಂಡಿರುತ್ತವೆ. ಅದು ಲೋಹೀಯ ಬಂಧ. ವ್ಯತ್ಯಾಸದ ಜೊತೆಗೆ ಎರಡೂ ಬೆಲೆಗಳು ಎತ್ತರದಲ್ಲಿವೆಯೋ ತಗ್ಗಿನಲ್ಲಿವೆಯೋ ನೋಡಬೇಕು.

ಹಂತ 6: ಬಂಧದಿಂದ ಅಣುವಿಗೆ ಬನ್ನಿ

ಬಂಧ ಧ್ರುವೀಯವಾದರೆ ಅಣುವೂ ಧ್ರುವೀಯ ಎಂದು ಅವಸರಪಡಬೇಡಿ. ಪ್ರತಿ ಬಂಧಕ್ಕೂ ಹೆಚ್ಚು ಎಳೆಯುವ ಪರಮಾಣುವಿನ ಕಡೆ ತುದಿಯಿರುವ ಬಾಣ ಬರೆಯಿರಿ. ನಂತರ ಅಣುವಿನ ಆಕಾರ ನೋಡಿ ಬಾಣಗಳನ್ನು ಕೂಡಿಸಿ.

ಕಾರ್ಬನ್ ಡೈಆಕ್ಸೈಡ್ ನೇರ ಗೆರೆಯಂಥ ಅಣು. ಎರಡು ಬಾಣಗಳು ವಿರುದ್ಧ ದಿಕ್ಕಿಗೆ ಎಳೆದು ಮೊತ್ತ ಸೊನ್ನೆ. ನೀರಿನ ಅಣು 104.5 ಡಿಗ್ರಿಯಲ್ಲಿ ಬಾಗಿದೆ, ಬಾಣಗಳು ಸೇರಿ 1.85 ಡಿಬೈ. ನೀರು ಉಪ್ಪನ್ನು ಕರಗಿಸುವುದು, ಮೈಕ್ರೋವೇವ್ ಒಲೆಯಲ್ಲಿ ಬಿಸಿಯಾಗುವುದು ಎಲ್ಲವೂ ಈ ಬಾಗಿನಿಂದ.

ನನಗೆ ಬಹಳ ಪ್ರಿಯವಾದ ಜೋಡಿ ಅಮೋನಿಯಾ ಮತ್ತು ನೈಟ್ರೋಜನ್ ಟ್ರೈಫ್ಲೋರೈಡ್. ಎರಡರ ಆಕಾರವೂ ಒಂದೇ, ಮೂರು ಕಾಲಿನ ಗೋಪುರ. ನೈಟ್ರೋಜನ್–ಹೈಡ್ರೋಜನ್ ವ್ಯತ್ಯಾಸ 0.84, ನೈಟ್ರೋಜನ್–ಫ್ಲೋರಿನ್ 0.94. ಎರಡನೆಯದು ಹೆಚ್ಚು ಧ್ರುವೀಯ ಆಗಬೇಕು ಎನಿಸುತ್ತದೆ, ಅಲ್ಲವೇ? ಅಳತೆ ಹೇಳುವುದು ಬೇರೆ: ಅಮೋನಿಯಾ 1.47 ಡಿಬೈ, ಟ್ರೈಫ್ಲೋರೈಡ್ ಬರೀ 0.24ರಷ್ಟು. ಗೋಪುರದ ತುದಿಯಲ್ಲಿ ನೈಟ್ರೋಜನ್‌ನ ಒಂಟಿ ಜೋಡಿ ಇದೆ, ಅಂದರೆ ಬಂಧದಲ್ಲಿ ತೊಡಗದ ಎಲೆಕ್ಟ್ರಾನ್ ಜೋಡಿ. ಅದರದ್ದೂ ಒಂದು ಬಾಣ, ಮೇಲಕ್ಕೆ. ಅಮೋನಿಯಾದಲ್ಲಿ ಬಂಧದ ಬಾಣಗಳೂ ನೈಟ್ರೋಜನ್ ಕಡೆಗೆ, ಮೇಲಕ್ಕೇ ಹೋಗುತ್ತವೆ, ಕೂಡುತ್ತವೆ. ಟ್ರೈಫ್ಲೋರೈಡ್‌ನಲ್ಲಿ ಅವು ಕೆಳಗೆ ಫ್ಲೋರಿನ್ ಕಡೆಗೆ ಹೋಗಿ ಒಂಟಿ ಜೋಡಿಯ ಬಾಣವನ್ನು ಬಹುಪಾಲು ಅಳಿಸಿಹಾಕುತ್ತವೆ. ಹಾಳೆಯಲ್ಲಿ ಎರಡನ್ನೂ ಅಕ್ಕಪಕ್ಕ ಬರೆದು ನೋಡಿ.

ಕಾರ್ಬನ್ ಮಾನಾಕ್ಸೈಡ್ ಬಗ್ಗೆ ಒಂದು ಮಾತು. ವ್ಯತ್ಯಾಸ 0.89, ಬಾಣ ಆಕ್ಸಿಜನ್ ಕಡೆಗೆ ಎಂದು ಬರೆಯುತ್ತೀರಿ. ಅಳೆದರೆ ದ್ವಿಧ್ರುವ ಮಹತ್ವ 0.1 ಡಿಬೈ ಆಸುಪಾಸು, ಅದೂ ಕಾರ್ಬನ್ ತುದಿಯೇ ಸ್ವಲ್ಪ ಋಣ! ಕಾರ್ಬನ್ ಮೇಲಿರುವ ಒಂಟಿ ಜೋಡಿಯ ಕೊಡುಗೆ ಅಷ್ಟು ದೊಡ್ಡದು. ವಿದ್ಯುದೃಣತ್ವ ಒಳ್ಳೆಯ ಮೊದಲ ಊಹೆ ಕೊಡುತ್ತದೆ. ಅಳತೆಯ ಎದುರು ಅದು ತಲೆಬಾಗಬೇಕು.

ಹಂತ 7: ಬಳಸಿ ನೋಡಿ

ಉತ್ಕರ್ಷಣ ಸಂಖ್ಯೆಯ ನಿಯಮಗಳನ್ನು ಉರುಹೊಡೆಯುವ ಬದಲು ಹೀಗೆ ಮಾಡಿ. ಹಂಚಿಕೆಯ ಜೋಡಿಯನ್ನು ಹೆಚ್ಚು ಎಳೆಯುವವನಿಗೆ ಪೂರ್ತಿ ಬರೆದುಕೊಟ್ಟು ಎಣಿಸಿ. ಆಕ್ಸಿಜನ್ 'ಯಾವಾಗಲೂ ಮೈನಸ್ 2' ಎಂದು ಕಲಿತವರು ಆಕ್ಸಿಜನ್ ಡೈಫ್ಲೋರೈಡ್ ಬಂದಾಗ ತಡವರಿಸುತ್ತಾರೆ. ಅಲ್ಲಿ ಜೋಡಿಗಳು ಫ್ಲೋರಿನ್‌ಗೆ ಹೋಗುತ್ತವೆ, ಆಕ್ಸಿಜನ್ ಪ್ಲಸ್ 2 ಆಗುತ್ತದೆ.

ಆಮ್ಲಗಳಲ್ಲೂ ಈ ಎಳೆತ ಕಾಣುತ್ತದೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ಪಿಕೆಎ 4.76. ಈ ಸಂಖ್ಯೆ ಕಡಿಮೆಯಾದಷ್ಟೂ ಆಮ್ಲ ಪ್ರಬಲ. ಅದರ ಒಂದು ಹೈಡ್ರೋಜನ್ ತೆಗೆದು ಕ್ಲೋರಿನ್ ಕೂರಿಸಿದರೆ 2.86, ಅಂದರೆ ಸುಮಾರು 80 ಪಟ್ಟು ಪ್ರಬಲ. ಕ್ಲೋರಿನ್ ಬಂಧಗಳ ಸಾಲಿನ ಮೂಲಕವೇ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆದು, ಪ್ರೋಟಾನ್ ಹೋದ ಮೇಲೆ ಉಳಿಯುವ ಋಣ ಆವೇಶವನ್ನು ಹಗುರ ಮಾಡುತ್ತದೆ. ಇದಕ್ಕೆ ಪ್ರೇರಣ ಪರಿಣಾಮ ಎಂದು ಹೆಸರು. ದೂರವಾದಂತೆ ಇದು ಬೇಗ ಸೋಲುತ್ತದೆ. ಬ್ಯುಟನೋಯಿಕ್ ಆಮ್ಲ 4.82. ಕ್ಲೋರಿನ್ ಎರಡನೆಯ ಕಾರ್ಬನ್ ಮೇಲಿದ್ದರೆ 2.86, ಮೂರನೆಯದರ ಮೇಲೆ 4.05, ನಾಲ್ಕನೆಯದರ ಮೇಲೆ 4.52.

ಎಚ್ಚರಿಕೆ: ಇದರಿಂದ 'ಬಂಧ ಹೆಚ್ಚು ಧ್ರುವೀಯವಾದಷ್ಟೂ ಆಮ್ಲ ಪ್ರಬಲ' ಎಂದು ತೀರ್ಮಾನಿಸಬೇಡಿ. ಹೈಡ್ರೋಜನ್ ಫ್ಲೋರೈಡ್ ಅತಿ ಧ್ರುವೀಯ, ಆದರೆ ನೀರಿನಲ್ಲಿ ದುರ್ಬಲ ಆಮ್ಲ. ಹೈಡ್ರೋಜನ್ ಅಯೋಡೈಡ್ ಅಷ್ಟೇನೂ ಧ್ರುವೀಯವಲ್ಲ, ಆದರೆ ಬಹಳ ಪ್ರಬಲ ಆಮ್ಲ. ಫ್ಲೋರಿನ್‌ನೊಂದಿಗಿನ ಬಂಧ ಮುರಿಯಲು ಸುಮಾರು 567 ಕಿಲೋಜೂಲ್ ಬೇಕು, ಅಯೋಡಿನ್‌ನೊಂದಿಗಿನದಕ್ಕೆ 298. ಅಲ್ಲಿ ಫಲಿತಾಂಶ ನಿರ್ಧರಿಸುವುದರಲ್ಲಿ ಬಂಧದ ಗಟ್ಟಿತನದ ಪಾಲು ದೊಡ್ಡದು.

ಹಂತ 8: ಅಭ್ಯಾಸಕ್ಕೆ ಎರಡು ಜೋಡಿ

ಹೈಡ್ರೋಜನ್ 2.20, ಕಾರ್ಬನ್ 2.55, ಸಿಲಿಕಾನ್ 1.90. ಮೀಥೇನ್ ಮತ್ತು ಸಿಲೇನ್‌ಗಳ ಆಕಾರ ಒಂದೇ; ನಡುವೆ ಕಾರ್ಬನ್ ಅಥವಾ ಸಿಲಿಕಾನ್, ಸುತ್ತ ನಾಲ್ಕು ಹೈಡ್ರೋಜನ್. ಬಾಣಗಳನ್ನು ಬರೆಯಿರಿ. ಮೀಥೇನ್‌ನಲ್ಲಿ ಅವು ಒಳಗೆ ಬರುತ್ತವೆ, ಹೈಡ್ರೋಜನ್ ಕೊಂಚ ಧನ. ಸಿಲೇನ್‌ನಲ್ಲಿ ಅವು ಹೊರಗೆ ಹೋಗುತ್ತವೆ, ಅದೇ ಹೈಡ್ರೋಜನ್ ಕೊಂಚ ಋಣ. ಗೋಬರ್ ಗ್ಯಾಸಿನ ಮೀಥೇನ್ ನೀರಿನ ಮೂಲಕ ಗುಳ್ಳೆಯಾಗಿ ಹಾದುಹೋದರೂ ಏನೂ ಆಗುವುದಿಲ್ಲ. ಸಿಲೇನ್ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ, ಕ್ಷಾರ ಬೆರೆತ ನೀರಿನಲ್ಲಿ ಹೈಡ್ರೋಜನ್ ಅನಿಲ ಬಿಡುತ್ತದೆ.

ಎರಡನೆಯದನ್ನು ನೀವೇ ಬಿಡಿಸಿ. ರಂಜಕದ ಬೆಲೆ 2.19. ಫಾಸ್ಫೀನ್ ಅಣುವಿನಲ್ಲಿ ಒಂದು ರಂಜಕಕ್ಕೆ ಮೂರು ಹೈಡ್ರೋಜನ್. ಪ್ರತಿ ಬಂಧದ ವ್ಯತ್ಯಾಸ 0.01, ಬಾಣ ಬರೆಯಲೂ ಸಾಲದು. ಆದರೂ ಅಣುವಿನ ದ್ವಿಧ್ರುವ ಮಹತ್ವ 0.57 ಡಿಬೈ ಆಸುಪಾಸು ಇದೆ. ಅದು ಎಲ್ಲಿಂದ ಬಂತು? ಆರನೆಯ ಹಂತದ ಅಮೋನಿಯಾ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಯೋಚಿಸಿ.